ಎಲ್ಲಿಂದ? ಎಷ್ಟು? ಎಷ್ಟು ಹೊತ್ತಿನಲ್ಲಿ?

“ಚಿಂತಾಮಣಿ ಎಲ್ಲಿದೆ?” ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಬಲು ಸುಲಭವೆಂದು ತೋರುತ್ತದೆ. ಆದರೆ ಅದೇ ಪ್ರಶ್ನೆಯನ್ನು ಮೂರು ಊರುಗಳಲ್ಲಿ ಕೇಳಿ ನೋಡೋಣ. ಚಿಕ್ಕಬಳ್ಳಾಪುರದವರು “ಪೂರ್ವಕ್ಕೆ” ಎನ್ನುವರು. ಶ್ರೀನಿವಾಸಪುರದವರು “ಪಶ್ಚಿಮಕ್ಕೆ” ಎನ್ನುವರು. ಕೋಲಾರದವರು “ಉತ್ತರಕ್ಕೆ” ಎಂದು ಕೈ ತೋರುವರು. ಮೂವರ ಮಾತೂ ಸತ್ಯವೇ. ಆದರೂ ಉತ್ತರಗಳು ಮೂರು. ಊರು ಮಾತ್ರ ಇದ್ದಲ್ಲಿಯೇ ಇದೆ.

ಇದನ್ನು ಮಕ್ಕಳ ಒಗಟೆಂದು ತಳ್ಳಿಹಾಕುವಂತಿಲ್ಲ. ಭೌತವಿಜ್ಞಾನದ ಮೊದಲ ಪಾಠವೇ ಇದು. ಯಾವುದೇ ವಸ್ತುವಿನ ಸ್ಥಾನವನ್ನು ಹೇಳಬೇಕಾದರೆ ಮೊದಲು “ಎಲ್ಲಿಂದ?” ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಆ ಗೊತ್ತಾದ ಜಾಗಕ್ಕೆ ಮೂಲಬಿಂದು ಎಂದು ಹೆಸರು.

ಭೂಪಟದ ಮೇಲೆ ಅಳತೆಪಟ್ಟಿಯನ್ನಿಟ್ಟು ಚಿಕ್ಕಬಳ್ಳಾಪುರವನ್ನು ಸೊನ್ನೆಯೆಂದು ಭಾವಿಸೋಣ. ಅಲ್ಲಿಂದ ಪೂರ್ವ ದಿಕ್ಕಿಗೆ ನೇರವಾಗಿ ಅಳೆದರೆ ಶಿಡ್ಲಘಟ್ಟವು ಸುಮಾರು 14 ಕಿಲೋಮೀಟರು, ಚಿಂತಾಮಣಿಯು ಸುಮಾರು 36 ಕಿಲೋಮೀಟರು. ಗೌರಿಬಿದನೂರು ಪಶ್ಚಿಮಕ್ಕೆ 22 ಕಿಲೋಮೀಟರು. ಗಣಿತದ ಭಾಷೆಯಲ್ಲಿ ಋಣ 22. ಈಗ ಸೊನ್ನೆಯನ್ನು ಗೌರಿಬಿದನೂರಿಗೆ ಒಯ್ಯೋಣ. ಶಿಡ್ಲಘಟ್ಟವು 36 ಆಯಿತು. ಚಿಂತಾಮಣಿ 58 ಆಯಿತು. ಅಂಕಿಗಳೆಲ್ಲ ಬದಲಾದವು. ಆದರೆ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಅಂತರವೋ? ಆಗಲೂ 22, ಈಗಲೂ 22. ಮೂಲಬಿಂದುವನ್ನು ಆರಿಸುವ ಸ್ವಾತಂತ್ರ್ಯ ನಮ್ಮದು. ಅಂತರವನ್ನು ಬದಲಿಸುವ ಸ್ವಾತಂತ್ರ್ಯ ನಮಗಿಲ್ಲ. ಗೌರಿಬಿದನೂರು ಚಿಕ್ಕಬಳ್ಳಾಪುರದಿಂದ ಉತ್ತರಕ್ಕೂ ಸುಮಾರು 20 ಕಿಲೋಮೀಟರು ಸರಿದಿರುವುದರಿಂದ, ಊರೊಂದನ್ನು ಕಾಗದದ ಮೇಲೆ ಗುರುತಿಸಲು ಎರಡು ಅಂಕಿಗಳು ಬೇಕು. ಬೆಟ್ಟದ ತುದಿಯಾದರೆ ಎತ್ತರವೆಂಬ ಮೂರನೆಯ ಅಂಕಿಯೂ ಬೇಕು.

ಸೊನ್ನೆ ಎಲ್ಲಿದೆ?

ಎತ್ತರದ ಮಾತು ಬಂದಾಗ ಚಿಕ್ಕಬಳ್ಳಾಪುರದ ಮಗ್ಗುಲಲ್ಲೇ ಇರುವ ನಂದಿಬೆಟ್ಟ ನೆನಪಿಗೆ ಬಾರದಿರದು. ಅದರ ಎತ್ತರ 1,478 ಮೀಟರು ಎಂದು ಪುಸ್ತಕಗಳು ಹೇಳುತ್ತವೆ. ಆದರೆ ಚಿಕ್ಕಬಳ್ಳಾಪುರದಲ್ಲಿ ನಿಂತು ತಲೆಯೆತ್ತಿ ನೋಡುವವನ ಎದುರಿಗೆ ಅಷ್ಟು ಎತ್ತರದ ಬೆಟ್ಟವಿಲ್ಲ. ಪಟ್ಟಣವೇ ಸಮುದ್ರಮಟ್ಟದಿಂದ ಸುಮಾರು 915 ಮೀಟರು ಮೇಲಿದೆ. ಕಣ್ಣಿಗೆ ಕಾಣುವುದು ಉಳಿದ 560 ಮೀಟರಿನಷ್ಟು ಮಾತ್ರ. ಬಂದರುಗಳಲ್ಲಿ ಕಡಲಿನ ಏರಿಳಿತಗಳನ್ನು ವರ್ಷಗಟ್ಟಲೆ ಅಳೆದು ತೆಗೆದ ಸರಾಸರಿಯೇ ಎತ್ತರದ ಲೆಕ್ಕಕ್ಕೆ ಸೊನ್ನೆ. ಕಡಲನ್ನೇ ಕಾಣದ ಬಯಲುಸೀಮೆಯ ಬೆಟ್ಟವನ್ನು ಕಡಲಿನಿಂದ ಅಳೆಯಬೇಕಾಗಿದೆ!

ಬೆಟ್ಟದ ತುದಿಗಳನ್ನೇ ಗುರುತಾಗಿಟ್ಟುಕೊಂಡು ಇಡೀ ದೇಶವನ್ನು ಅಳೆದವರೂ ಉಂಟು. ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಸೇನಾಧಿಕಾರಿಯು 1800ರಲ್ಲಿ ಮೈಸೂರು ಸೀಮೆಯಲ್ಲಿ ತ್ರಿಕೋನಗಳ ಮೋಜಣಿಯನ್ನು ಆರಂಭಿಸಿದಾಗ ನಂದಿದುರ್ಗವೂ ಅವನ ಗುರುತುಗಳಲ್ಲೊಂದಾಗಿತ್ತು. ಅವನ ಉಪಾಯ ಸರಳವಾದುದು. ತ್ರಿಕೋನವೊಂದರ ಒಂದು ಬಾಹುವನ್ನು ನೆಲದ ಮೇಲೆ ಜಾಗರೂಕತೆಯಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಬೆಟ್ಟವು ಕಾಣುವ ಕೋನಗಳನ್ನು ತಿಳಿದರೆ ಸಾಕು. ಉಳಿದೆರಡು ಬಾಹುಗಳನ್ನು ಮನೆಯಲ್ಲಿ ಕುಳಿತು ಲೆಕ್ಕ ಹಾಕಬಹುದು. ಹಾಗೆ ಬಂದ ಬಾಹುವೇ ಮುಂದಿನ ತ್ರಿಕೋನಕ್ಕೆ ಆಧಾರ.

ಸರಪಳಿಯ ಮಾತು

ಮೊದಲನೆಯ ಬಾಹುವನ್ನಳೆಯಲು ಲ್ಯಾಂಬ್ಟನ್ ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಅದರ ಚರಿತ್ರೆಯೂ ಸ್ವಾರಸ್ಯವಾಗಿದೆ. ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಇಂಗ್ಲೆಂಡಿನಿಂದ ಹೊರಟು, ಅಲ್ಲಿ ತಿರಸ್ಕೃತವಾಗಿ, ಕೈಯಿಂದ ಕೈಗೆ ದಾಟಿ ಭಾರತವನ್ನು ಸೇರಿದ ಸರಪಳಿಯದು. ಚಕ್ರವರ್ತಿಗೆ ಬೇಡವಾದುದು ನಮ್ಮ ನೆಲವನ್ನಳೆಯಿತು.

ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ಶಾಖವೇರಿದರೆ 100 ಅಡಿಯ ಸರಪಳಿ ಅಂಗುಲದ ಏಳನೆಯ ಒಂದು ಭಾಗದಷ್ಟು ಉದ್ದವಾಗುತ್ತದೆ. ಇದೇನು ಮಹಾ ಎನಿಸಬಹುದು. ಆದರೆ 7 ಮೈಲಿಯ ಉದ್ದಕ್ಕೆ ಅಂಥ ಸರಪಳಿಯನ್ನು ಸುಮಾರು 370 ಸಲ ಹಾಸಬೇಕು. ಆಗ ತಪ್ಪು ನಾಲ್ಕು ಅಡಿಯನ್ನು ಮೀರುತ್ತದೆ. ಆದಕಾರಣ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಲೆಕ್ಕವನ್ನು ತಿದ್ದಬೇಕಾಯಿತು. 1802ರಲ್ಲಿ ಮದರಾಸಿನಲ್ಲಿ ಅಳೆದ ಆಧಾರರೇಖೆಯಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಬೆಂಗಳೂರಿಗೆ ಬಂದು, 1804ರಲ್ಲಿ ಇಲ್ಲಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆದು ನೋಡಿದಾಗ, ಲೆಕ್ಕಕ್ಕೂ ಅಳತೆಗೂ ಇದ್ದ ವ್ಯತ್ಯಾಸ 4 ಅಂಗುಲಕ್ಕಿಂತ ಕಡಮೆ.

ಲ್ಯಾಂಬ್ಟನ್ನನ ಸರಪಳಿ ದೇಶವನ್ನಳೆಯಿತು. ನಮ್ಮ ರೈತನ ಹೊಲವನ್ನಳೆದದ್ದು 33 ಅಡಿಯ, 16 ಆಣೆಯ ಸರಪಳಿ. ಚಿಂತಾಮಣಿಯ ಕಡೆಯ ಯಾವ ಹಳೆಯ ಕ್ರಯಪತ್ರವನ್ನು ಬಿಚ್ಚಿದರೂ ಅದರಲ್ಲಿ ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಗಾಡಿಯ ದಾರಿ. ಇದೂ ಸ್ಥಾನವನ್ನು ಹೇಳುವ ಒಂದು ಕ್ರಮವೇ. ಆದರೆ ಪಕ್ಕದ ಜಮೀನು ಮಾರಾಟವಾಗುತ್ತದೆ, ಹಳ್ಳವು ಒಂದು ಮಳೆಗಾಲದಲ್ಲಿ ಪಾತ್ರವನ್ನು ಬದಲಿಸುತ್ತದೆ, ಓಣಿ ಒತ್ತುವರಿಯಾಗುತ್ತದೆ. ಮೂಲಬಿಂದುವೇ ನಡೆದಾಡತೊಡಗಿದರೆ ಸ್ಥಾನಕ್ಕೆ ಏನರ್ಥ? ಇದಕ್ಕಾಗಿಯೇ ಅಲುಗದ ಬಾಂದುಕಲ್ಲು ಬೇಕಾಯಿತು. ರಾತ್ರೋರಾತ್ರಿ ಆ ಕಲ್ಲನ್ನು ಸರಿಸುವವನು ಬರಿಯ ಕಲ್ಲನ್ನು ಸರಿಸುವುದಿಲ್ಲ, ನೆರೆಯವನ ಸೊನ್ನೆಯನ್ನೇ ಕದಿಯುತ್ತಾನೆ.

ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ. ಎಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ. ಈಗ ಸರಪಳಿಯ ಕೊಂಡಿಗಳು ಸವೆದು ಅದು ಒಂದೇ ಅಂಗುಲ ಉದ್ದವಾಯಿತೆನ್ನೋಣ. ಉದ್ದದಲ್ಲಿ ತಪ್ಪು ನೂರಕ್ಕೆ ಕಾಲು ಭಾಗ. ಆದರೆ ವಿಸ್ತೀರ್ಣಕ್ಕೆ ಉದ್ದ, ಅಗಲಗಳೆರಡೂ ಸೇರುವುದರಿಂದ ತಪ್ಪು ಅದರ ಇಮ್ಮಡಿ. ಒಂದು ಎಕರೆಯಲ್ಲಿ 200ಕ್ಕೂ ಹೆಚ್ಚು ಚದರಡಿ ಆಚೆಗೋ ಈಚೆಗೋ ಹೋಗುತ್ತದೆ. ಪಾಲಾಗುತ್ತಿರುವ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರಲು ಇಷ್ಟೇ ಸಾಕಲ್ಲವೆ?

ಮಾನವು ಎಲ್ಲರಿಗೂ ಒಂದೇ ಆಗಿರಬೇಕೆಂಬುದು ಇದರಿಂದ ಸ್ಪಷ್ಟ. ಊರಿಗೊಂದು ಸೇರು, ಸಂತೆಗೊಂದು ಮಣ ಎಂಬ ಅವ್ಯವಸ್ಥೆಯನ್ನು ಹೋಗಲಾಡಿಸಲೆಂದೇ ನಮ್ಮ ದೇಶವು 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯಗಳನ್ನೂ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳನ್ನೂ ಜಾರಿಗೆ ತಂದಿತು. ಗುಂಟೆ ಮಾತ್ರ ಇಂದಿಗೂ ನಮ್ಮ ನಾಲಗೆಯ ಮೇಲೆ ಉಳಿದಿದೆ.

ನೂಲಿನ ದಪ್ಪವನ್ನು ತಕ್ಕಡಿಯಲ್ಲಿ

ಚಿಂತಾಮಣಿಯಿಂದ ಪಶ್ಚಿಮಕ್ಕೆ ಬಂದರೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟ. ಇಲ್ಲಿ ಇನ್ನೊಂದು ಬಗೆಯ ಸಮಸ್ಯೆ. ಹೊಲವನ್ನು ಸರಪಳಿಯಿಂದ ಅಳೆಯಬಹುದು. ರೇಷ್ಮೆಯೆಳೆಯ ದಪ್ಪವನ್ನು ಯಾವುದರಿಂದ ಅಳೆಯೋಣ? ಅದು ತಲೆಗೂದಲಿಗಿಂತಲೂ ತೆಳುವು. ಬೆರಳಿನಿಂದ ಒತ್ತಿದರೆ ಚಪ್ಪಟೆಯಾಗುವಂಥದು.

ನೇರವಾಗಿ ಅಳೆಯಲಾಗದ್ದನ್ನು ಬಳಸುದಾರಿಯಿಂದ ಅಳೆಯುವುದು ವಿಜ್ಞಾನದ ಜಾಣ್ಮೆ. ಒಂದೇ ಉದ್ದದ ಎರಡು ನೂಲುಗಳಲ್ಲಿ ದಪ್ಪನೆಯದು ಹೆಚ್ಚು ತೂಗುತ್ತದೆ. ಆದ್ದರಿಂದ 9,000 ಮೀಟರು ನೂಲು ಎಷ್ಟು ಗ್ರಾಂ ತೂಗುವುದೋ ಅದನ್ನೇ ಅದರ ‘ಡೆನಿಯರ್’ ಎಂದು ಕರೆದರು. ಪ್ರತಿಸಲವೂ 9,000 ಮೀಟರು ಸುತ್ತುತ್ತ ಕೂರುವುದೇಕೆಂದು, ಅದರ ಇಪ್ಪತ್ತನೆಯ ಒಂದು ಭಾಗವಾದ 450 ಮೀಟರನ್ನು ಸುತ್ತಿ, ಗ್ರಾಮಿನ ಇಪ್ಪತ್ತನೆಯ ಒಂದು ಭಾಗದ ಲೆಕ್ಕದಲ್ಲಿ ತೂಗುವುದು ವಾಡಿಕೆ. ಉತ್ತರ ಒಂದೇ ಬರುತ್ತದೆ. ಒಂದು ಗೂಡಿನ ಎಳೆ ಸಾಮಾನ್ಯವಾಗಿ 2ರಿಂದ 3 ಡೆನಿಯರ್. ಏಳೆಂಟು ಗೂಡುಗಳ ಎಳೆಗಳನ್ನು ಬಿಸಿನೀರಿನಿಂದ ಒಟ್ಟಿಗೆ ಎತ್ತಿ ಬಿಚ್ಚಿದರೆ 20 ಡೆನಿಯರಿನ ಆಸುಪಾಸಿನ ನೂಲು ದೊರೆಯುತ್ತದೆ. ನಡುವೆ ಒಂದು ಗೂಡು ಮುಗಿದುದನ್ನು ಗಮನಿಸದೆ ಹೋದರೆ ಅಷ್ಟು ಉದ್ದವೂ ನೂಲು ಸಣ್ಣವಾಗುತ್ತದೆ. ಮಗ್ಗದ ಮೇಲೆ ಅಲ್ಲಿಯೇ ಹರಿಯುತ್ತದೆ. ಬಿಚ್ಚುವವರ ಕಣ್ಣಿನ ಎಚ್ಚರಿಕೆಯೇ ಸೀರೆಯ ಬಾಳಿಕೆ.

20 ಡೆನಿಯರಿನ ಒಂದು ಕಿಲೋಗ್ರಾಂ ನೂಲು ಎಷ್ಟು ಉದ್ದವಿರಬಹುದು? 20 ಗ್ರಾಮಿಗೆ 9 ಕಿಲೋಮೀಟರಾದರೆ 1,000 ಗ್ರಾಮಿಗೆ 450 ಕಿಲೋಮೀಟರು. ಬೆಂಗಳೂರಿನಲ್ಲಿ ತುದಿ ಹಿಡಿದು ಹೊರಟರೆ ಹುಬ್ಬಳ್ಳಿಯನ್ನು ದಾಟಿದ ಮೇಲೂ ಕೈಯಲ್ಲಿ ನೂಲು ಉಳಿದಿರುತ್ತದೆ!

ಓಡುವುದು ರೈಲೋ, ಮರವೋ?

ಇಲ್ಲಿಯವರೆಗೆ ನೋಡಿದ್ದು ಸ್ಥಾನ ಮತ್ತು ಮಾನಗಳ ವಿಚಾರ. ಅವುಗಳೊಂದಿಗೆ ಕಾಲವನ್ನು ಕೂಡಿಸಿದರೆ ಚಲನೆ ಹುಟ್ಟುತ್ತದೆ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುವ ರೈಲುದಾರಿ ಹಿಂದೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿಯದಾಗಿತ್ತು. 2013ರಿಂದ ಅಲ್ಲಿ ಅಗಲ ಹಳಿಯ ಮೇಲೆ ರೈಲು ಓಡುತ್ತಿದೆ. ಆ ರೈಲಿನ ಕಿಟಕಿಯ ಬಳಿ ಕುಳಿತ ಮಗು “ಮರ ಓಡ್ತಾ ಇದೆ” ಎಂದರೆ ನಾವು ನಗುತ್ತೇವೆ. ಆದರೆ ಮಗುವಿನ ಮಾತು ಸುಳ್ಳಲ್ಲ. ಅದು ಮೂಲಬಿಂದುವನ್ನು ತನ್ನ ಆಸನದಲ್ಲಿಟ್ಟಿದೆ. ನಾವು ನೆಲದ ಮೇಲಿಟ್ಟಿದ್ದೇವೆ.

ದೂರವನ್ನು ಕಾಲದಿಂದ ಭಾಗಿಸಿದರೆ ಬರುವುದು ಜವ. ಅದಕ್ಕೆ ದಿಕ್ಕನ್ನೂ ಸೇರಿಸಿ ಹೇಳಿದರೆ ವೇಗ. ಗೌರಿಬಿದನೂರಿಗೆ ಹೋಗಿ ಸಂಜೆಗೆ ಚಿಕ್ಕಬಳ್ಳಾಪುರಕ್ಕೆ ಮರಳಿದವನ ಕಾಲು ಎಷ್ಟೇ ನೋಯುತ್ತಿರಲಿ, ಅವನ ಸ್ಥಾನಪಲ್ಲಟ ಸೊನ್ನೆ! ನಡೆದ ದಾರಿಯೇ ಬೇರೆ, ಸ್ಥಾನ ಬದಲಾದ ಪ್ರಮಾಣವೇ ಬೇರೆ.

ಈಗ ಒಂದು ಲೆಕ್ಕ. ಇಬ್ಬರು ಸ್ನೇಹಿತರು ಒಂದೇ ಊರಿನಿಂದ ಒಂದೇ ಕ್ಷಣದಲ್ಲಿ ನಿಮ್ಮ ಮನೆಗೆ ಹೊರಟಿದ್ದಾರೆ. ಒಬ್ಬನ ಜವ ಗಂಟೆಗೆ 60 ಕಿಲೋಮೀಟರು, ಇನ್ನೊಬ್ಬನದು 35. ಯಾವಾಗ ಹೊರಟರೋ ನಿಮಗೆ ತಿಳಿಯದು. ಮೊದಲನೆಯವನು ಬಂದು ಅರ್ಧ ಗಂಟೆಯ ಮೇಲೆ ಎರಡನೆಯವನು ಬಂದ. ಹಾಗಾದರೆ ಅವರು ಹೊರಟ ಊರು ಎಷ್ಟು ದೂರ? ಉತ್ತರ 42 ಕಿಲೋಮೀಟರು. ಅಷ್ಟು ದೂರಕ್ಕೆ ಮೊದಲನೆಯವನಿಗೆ 42 ನಿಮಿಷ ಬೇಕು, ಎರಡನೆಯವನಿಗೆ 72 ನಿಮಿಷ. ಅಂತರ 30 ನಿಮಿಷ. ಹೊರಟ ಸಮಯ ತಿಳಿಯದಿದ್ದರೂ ಬಂದ ಸಮಯಗಳ ಅಂತರದಿಂದಲೇ ದೂರ ದಕ್ಕಿತು!

ನೆಲಕ್ಕೆ ಕಿವಿಗೊಟ್ಟ ಊರು

ಈ ಲೆಕ್ಕವನ್ನೇ ನಿಜವಾಗಿ ಮಾಡುವ ಒಂದು ಸ್ಥಳ ಗೌರಿಬಿದನೂರಿನ ಬಳಿ ಇದೆ. ನೆಲದೊಳಗೆ ಬಂಡೆ ಬಿರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಮುಂದೆ ಓಡುವ ಪ್ರಾಥಮಿಕ ಅಲೆಯು ಹೊರಪದರದ ಬಂಡೆಯಲ್ಲಿ ಸೆಕೆಂಡಿಗೆ ಸುಮಾರು 6 ಕಿಲೋಮೀಟರು ಸಾಗಿದರೆ, ಹಿಂದೆ ಬರುವ ದ್ವಿತೀಯ ಅಲೆಯು ಸುಮಾರು ಮೂರೂವರೆ ಕಿಲೋಮೀಟರು ಸಾಗುತ್ತದೆ. ನಮ್ಮ ಇಬ್ಬರು ಸ್ನೇಹಿತರು ಇವರೇ! ಎರಡರ ನಡುವಿನ ಪ್ರತಿ ಒಂದು ಸೆಕೆಂಡಿನ ಅಂತರಕ್ಕೂ ಕಂಪನದ ನೆಲೆ ಎಂಟೂ ಚಿಲ್ಲರೆ ಕಿಲೋಮೀಟರು ದೂರವಿದೆಯೆಂದು ತಿಳಿಯಬಹುದು.

ದೂರವೇನೋ ತಿಳಿಯಿತು; ದಿಕ್ಕು? ಒಂದೇ ಉಪಕರಣದ ಸುತ್ತ ಅಷ್ಟು ದೂರದ ವೃತ್ತವೊಂದನ್ನು ಎಳೆದರೆ ಅದರ ಮೇಲೆ ಎಲ್ಲಿ ಬೇಕಾದರೂ ಕಂಪನ ಹುಟ್ಟಿರಬಹುದು. ಇದಕ್ಕೆ ಪರಿಹಾರವಾಗಿ 1965ರಲ್ಲಿ ಬ್ರಿಟಿಷ್ ಅಣುಶಕ್ತಿ ಸಂಸ್ಥೆಯ ಸಹಕಾರದಿಂದ ಇಲ್ಲಿ 20 ಭೂಕಂಪಮಾಪಕಗಳ ಸಾಲನ್ನು ಸ್ಥಾಪಿಸಿದರು. ಅದನ್ನು ನಡೆಸುತ್ತಿರುವುದು ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರ. ಆ ಉಪಕರಣಗಳು ಒಂದಕ್ಕೊಂದು ಲಂಬವಾದ ಎರಡು ತೋಳುಗಳ ಮೇಲೆ ಹರಡಿವೆ. ಒಂದೊಂದು ತೋಳೂ 20 ಕಿಲೋಮೀಟರಿಗಿಂತ ಉದ್ದ. ಶಾಲೆಯ ಚೌಕುಳಿ ಕಾಗದದ ಮೇಲೆ ಮಕ್ಕಳು ಎಳೆಯುವ ಎರಡು ಅಕ್ಷಗಳನ್ನು ಯಾರೋ ಹೊಲಗದ್ದೆಗಳ ನಡುವೆ ಎಳೆದಂತಿದೆ.

ಸೆಕೆಂಡಿಗೆ 8 ಕಿಲೋಮೀಟರು ಸಾಗುವ ಅಲೆಯೊಂದು ತೋಳಿನ ಗುಂಟ ಬಂದರೆ 20 ಕಿಲೋಮೀಟರು ಅಂತರದ ಎರಡು ಉಪಕರಣಗಳನ್ನು ಎರಡೂವರೆ ಸೆಕೆಂಡುಗಳ ಅಂತರದಲ್ಲಿ ಮುಟ್ಟುತ್ತದೆ. ಅಡ್ಡಲಾಗಿ ಬಂದರೆ ಎರಡನ್ನೂ ಏಕಕಾಲಕ್ಕೆ ಅಲುಗಿಸುತ್ತದೆ. ಓರೆಯಾಗಿ ಬಂದರೆ ಇವೆರಡರ ನಡುವಿನ ಯಾವುದೋ ಒಂದು ಅಂತರ. ಹೀಗೆ ಸಮಯದ ಅಂತರವೇ ದಿಕ್ಕನ್ನು ಹೇಳುತ್ತದೆ. ಆದರೆ ಅಲೆ ತೋಳಿನ ಎಡದಿಂದ ಬಂತೋ ಬಲದಿಂದ ಬಂತೋ ಎಂಬುದನ್ನು ಒಂದೇ ತೋಳು ಹೇಳಲಾರದು. ಆ ಸಂದೇಹವನ್ನು ಎರಡನೆಯ ತೋಳು ನಿವಾರಿಸುತ್ತದೆ. ಅಲ್ಲದೆ ಒಂದು ಉಪಕರಣದ ಬಳಿ ಲಾರಿ ಹೋದರೆ, ಗಾಳಿಗೆ ಮರ ತೂಗಿದರೆ, ಆ ಗದ್ದಲ ಅದೊಂದಕ್ಕೇ ಸೇರಿದ್ದು. 20 ದಾಖಲೆಗಳನ್ನೂ ತಕ್ಕಷ್ಟು ಹೊಂದಿಸಿ ಕೂಡಿಸಿದರೆ ನಿಜವಾದ ಅಲೆ ಬಲಗೊಳ್ಳುತ್ತದೆ. ಗದ್ದಲವು ಅದರ ಮುಂದೆ ಸುಮಾರು ನಾಲ್ಕೂವರೆ ಪಟ್ಟು ಕುಗ್ಗುತ್ತದೆ.

ಇಷ್ಟೆಲ್ಲ ಏತಕ್ಕಾಗಿ? 1963ರ ಒಪ್ಪಂದವೊಂದರಲ್ಲಿ ಅಣ್ವಸ್ತ್ರ ರಾಷ್ಟ್ರಗಳು ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ಬಾಂಬಿನ ಪರೀಕ್ಷೆ ಮಾಡುವುದಿಲ್ಲವೆಂದು ಒಪ್ಪಿದವು. ಭೂಗರ್ಭದ ಪರೀಕ್ಷೆ ಮಾತ್ರ ಹೊರಗುಳಿಯಿತು. ಕದ್ದು ಸಿಡಿಸಿದರೆ ಕಂಡುಹಿಡಿಯುವುದು ಹೇಗೆಂಬ ವಿವಾದ ಬಗೆಹರಿದಿರಲಿಲ್ಲ. ಅಂಥ ಗುಟ್ಟನ್ನು ನೆಲವೇ ಹೊರಗೆಡಹುವಂತೆ ಮಾಡುವುದು ಈ ಸಾಲಿನ ಕೆಲಸ. ಸ್ಫೋಟವು ಸುತ್ತಲ ಬಂಡೆಯನ್ನು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಒಂದು ಬಂಡೆ ಇನ್ನೊಂದರ ಮೇಲೆ ಜಾರುತ್ತದೆ. ಆದ್ದರಿಂದ ಸ್ಫೋಟದ ಪ್ರಾಥಮಿಕ ಅಲೆ ಪ್ರಬಲ, ಹಿಂದೆ ಬರುವ ಅಲೆಗಳು ಸಪ್ಪೆ. ಭೂಕಂಪದಲ್ಲಿ ಇದಕ್ಕೆ ವಿಪರೀತ. 1974ರಲ್ಲಿಯೂ 1998ರಲ್ಲಿಯೂ ನಮ್ಮ ದೇಶವೇ ಪರೀಕ್ಷೆ ನಡೆಸಿದ ಪೋಖರಣ್ ಇಲ್ಲಿಂದ ಸುಮಾರು 1,600 ಕಿಲೋಮೀಟರು. ಸೆಕೆಂಡಿಗೆ 8 ಕಿಲೋಮೀಟರಿನ ಲೆಕ್ಕದಲ್ಲಿ ಅಲ್ಲಿನ ನಡುಕ ಗೌರಿಬಿದನೂರಿಗೆ ಬರಲು ಮೂರು, ಮೂರೂವರೆ ನಿಮಿಷ ಸಾಕು. ಒಲೆಯ ಮೇಲಿಟ್ಟ ಕಾಫಿಯ ಹಾಲು ಉಕ್ಕುವ ಮೊದಲೇ ಸುದ್ದಿ ಬಂದಿರುತ್ತದೆ.

ಅದೇ ತಾಲ್ಲೂಕಿನಲ್ಲಿ ಆಕಾಶಕ್ಕೆ ಕಿವಿಗೊಟ್ಟ ಇನ್ನೊಂದು ಸಾಲೂ ಇದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನ ಸಂಸ್ಥೆಗಳು ಜೊತೆಗೂಡಿ ಕಟ್ಟಿದ ರೇಡಿಯೋ ದೂರದರ್ಶಕವದು. 1976ರಿಂದ ಕೆಲಸ ಆರಂಭಿಸಿದ ಅದರಲ್ಲಿ 1,000 ಆಂಟೆನಾಗಳನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನಿಲ್ಲಿಸಲಾಗಿತ್ತು. ಪೂರ್ವಪಶ್ಚಿಮದ ತೋಳಿನ ಉದ್ದ 1.4 ಕಿಲೋಮೀಟರು. ತತ್ತ್ವ ಒಂದೇ. ಆದರೆ ರೇಡಿಯೋ ಅಲೆಯು ಬೆಳಕಿನ ವೇಗದಲ್ಲಿ ಬರುವುದರಿಂದ ಈ ತುದಿಯಿಂದ ಆ ತುದಿಗೆ ಅಂತರವು ಸೆಕೆಂಡಿನ ಹತ್ತು ಲಕ್ಷದ ಐದು ಭಾಗವನ್ನೂ ಮುಟ್ಟದು. ಅಷ್ಟರಲ್ಲಿಯೇ ದಿಕ್ಕನ್ನು ಹಿಡಿಯಬೇಕು.

ಎರಡು ಇಂಚು ನೀರು

ಬಾಂಬು, ನಕ್ಷತ್ರಗಳ ಮಾತಿರಲಿ. ಅಳತೆಯ ತಪ್ಪಿನಿಂದ ಮನೆ ಮುಳುಗುವ ಸಂಗತಿ ನಮ್ಮ ನಡುವೆಯೇ ಉಂಟು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆ ಬದುಕಿರುವುದು ಕೊಳವೆಬಾವಿಗಳಿಂದ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲ್ಲೂಕುಗಳನ್ನೂ ಅಂತರ್ಜಲವನ್ನು ಅತಿಯಾಗಿ ಬಳಸಿದವುಗಳ ಪಟ್ಟಿಯಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಸೇರಿಸಿದೆ. ಸಾವಿರ ಅಡಿ ಕೊರೆದರೂ ನೀರು ಕಾಣದ ಬಾವಿಗಳಿಗೆ ಇಲ್ಲಿ ಬರವಿಲ್ಲ.

“ಸಾವಿರ ಅಡಿಗೆ ಎರಡು ಇಂಚು ನೀರು ಬಿತ್ತು” ಎನ್ನುತ್ತಾರೆ. ಈ ಮಾತಿನಲ್ಲಿ ಎರಡು ಅಳತೆಗಳಿವೆ. ಸಾವಿರ ಅಡಿ ಕೊರೆದ ಆಳ. ನೀರು ನಿಂತ ಮಟ್ಟ ಅದಲ್ಲ. ಎರಡು ಇಂಚು ಎಂಬುದೋ ಕೊಳವೆಯ ಗಾತ್ರವೂ ಅಲ್ಲ, ನೀರಿನ ಪ್ರಮಾಣವೂ ಅಲ್ಲ. ಹರಿದುಬರುವ ನೀರನ್ನು ತ್ರಿಕೋನಾಕಾರದ ಕಚ್ಚುಳ್ಳ ತಗಡಿನ ಮೇಲೆ ಹಾಯಿಸಿ, ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಲ್ಲುವುದೆಂದು ನೋಡಿದ ಅಳತೆಯದು. ನೀರು ಏರಿದಂತೆ ಕಚ್ಚು ಅಗಲವೂ ಆಗುತ್ತದೆ, ಹರಿವು ಬಿರುಸೂ ಆಗುತ್ತದೆ. ಆದುದರಿಂದ 4 ಇಂಚು ನೀರು 2 ಇಂಚಿನ ಇಮ್ಮಡಿಯಲ್ಲ, ಐದೂವರೆ ಪಟ್ಟಿಗಿಂತಲೂ ಹೆಚ್ಚು! ಕಚ್ಚು ಲಂಬಕೋನದ್ದಾದರೆ 2 ಇಂಚೆಂದರೆ ಗಂಟೆಗೆ ಸುಮಾರು 2,900 ಲೀಟರು. 4 ಇಂಚೆಂದರೆ ಸುಮಾರು 16,000 ಲೀಟರು. 4 ಇಂಚಿನ ನೀರಿಗೆ ನಾಲ್ಕು ಎಕರೆ ಹಿಪ್ಪುನೇರಳೆ ಹಾಕಿದವನು, ನೀರು 2 ಇಂಚಿಗೆ ಇಳಿದರೂ ಎರಡು ಎಕರೆ ಉಳಿಯುವುದೆಂದು ಸಾಲ ಮಾಡಿದರೆ, ಅವನ ಕೈಯಲ್ಲಿ ಮುಕ್ಕಾಲು ಎಕರೆಯ ನೀರೂ ಇರುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತವಿಜ್ಞಾನದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರು ಬಾಳಿನುದ್ದಕ್ಕೂ ವಿದ್ಯಾರ್ಥಿಗಳಿಗೆ ಕಲಿಸಿದ್ದು ಪ್ರಶ್ನೆ ಕೇಳುವುದನ್ನು. ಪವಾಡಗಳೂ ಪರೀಕ್ಷೆಗೆ ಹೊರತಲ್ಲವೆಂದು 1976ರಲ್ಲಿ ಅವರು ಸಮಿತಿಯನ್ನೇ ರಚಿಸಿದರು. ಅಂಕಿಗಳೂ ಪ್ರಶ್ನೆಗೆ ಹೊರತಲ್ಲ. ಯಾರಾದರೂ ಒಂದು ಅಂಕಿಯನ್ನು ನಮ್ಮ ಮುಂದಿಟ್ಟಾಗ ಎಲ್ಲಿಂದ ಅಳೆದದ್ದು, ಯಾವ ಮಾನದಲ್ಲಿ, ಯಾವಾಗ ಎಂದು ಕೇಳುವುದು ಅವಿನಯವಲ್ಲ, ವಿವೇಕ.

ಮನೆಯ ಮಕ್ಕಳಿಗೆ ಇದನ್ನು ಕಲಿಸಲು ಪ್ರಯೋಗಶಾಲೆ ಬೇಕಿಲ್ಲ. ಊರಿನಲ್ಲಿ ನೀರಿರುವ ಒಂದು ತೆರೆದ ಬಾವಿ ಉಳಿದಿದ್ದರೆ, ಹಿರಿಯರು ಜೊತೆಗಿದ್ದು, ಅದರ ಕಟ್ಟೆಯ ಮೇಲೆ ಒಂದು ಗುರುತು ಹಾಕಿಸಿ. ಹಗ್ಗಕ್ಕೆ ಕಲ್ಲು ಕಟ್ಟಿ ಆ ಗುರುತಿನಿಂದಲೇ ನೀರಿನವರೆಗೆ ಚೈತ್ರದಲ್ಲೊಮ್ಮೆ, ಕಾರ್ತಿಕದಲ್ಲೊಮ್ಮೆ ಅಳೆದು, ತಾರೀಖಿನೊಂದಿಗೆ ಬರೆದಿಡಲಿ. ಒಂದು ಅಳತೆಯಿಂದ ನೀರು ಎಲ್ಲಿದೆಯೆಂಬುದು ತಿಳಿಯುವುದು. ಎರಡು ಅಳತೆಗಳಾದ ಮೇಲೆ ಅದು ಯಾವ ಕಡೆಗೆ ನಡೆದಿದೆಯೆಂಬುದೂ ತಿಳಿಯುವುದು.